ಕೆಐ-67 ಅಂಕಿ ಸ್ಲೈಡಿಗೆ ಹೊಂದದಿದ್ದಾಗ: ಸ್ತನದ ಅಂಗಾಂಶದಲ್ಲಿ ಕೋಶವೃದ್ಧಿಯ ಅಳತೆ ಎಲ್ಲಿ ತಪ್ಪುತ್ತದೆ

ಅಂಗಾಂಶದ ರಚನೆ ತೋರಿಸುವ ಸಾಮಾನ್ಯ ಬಣ್ಣದ (ಹಿಮಟಾಕ್ಸಿಲಿನ್–ಇಯೋಸಿನ್) ಸ್ಲೈಡಿನಲ್ಲಿ ಎಲ್ಲಿ ನೋಡಿದರೂ ವಿಭಜನೆಯ ನಡುವಿರುವ ಕೋಶಗಳು, ಅಂದರೆ ಮೈಟೋಸಿಸ್‌ಗಳು ಕಾಣುತ್ತಿವೆ, ಕೋಶಕೇಂದ್ರಗಳು ದೊಡ್ಡವಾಗಿ ಒಂದನ್ನೊಂದು ಹೋಲದಂತಿವೆ, ಗಡ್ಡೆ ಅತಿ ಉಗ್ರವಾದ ಮೂರನೆಯ ಗ್ರೇಡಿನದು ಎಂಬುದರಲ್ಲಿ ಅನುಮಾನವೇ ಇಲ್ಲ; ಆದರೆ ಅದೇ ಬ್ಲಾಕಿನಿಂದ (ಮೇಣದಲ್ಲಿ ಹುದುಗಿಸಿದ ಅಂಗಾಂಶದ ತುಂಡಿನಿಂದ) ಕೊಯ್ದು, ವಿಭಜಿಸುವ ಕೋಶಗಳನ್ನು ಗುರುತಿಸುವ ಕೆಐ-67 ಬಣ್ಣ ಹಾಕಿದ ಸ್ಲೈಡನ್ನು ಎಣಿಸಿದರೆ ನೂರಕ್ಕೆ ನಾಲ್ಕು ಕೋಶಗಳು ಮಾತ್ರ ಕಂದು ಬಣ್ಣಕ್ಕೆ ತಿರುಗಿವೆ. ನಮ್ಮ ಪ್ರಯೋಗಾಲಯದಲ್ಲಿ ಕೆಲವು ವರ್ಷಗಳ ಹಿಂದೆ ಹೀಗೊಂದು ಸ್ಲೈಡು ಬಂದಿತ್ತು. ಅದಾದ ಕೆಲವೇ ವಾರಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಂತು: ನೋಡಲು ಎಲ್ಲ ರೀತಿಯಲ್ಲೂ ಸಾಧು (ಕ್ಯಾನ್ಸರಲ್ಲದ) ಗಂಟು, ಆದರೆ ಗ್ರಂಥಿಗಳ ಕಾಲುಭಾಗದಷ್ಟು ಕೋಶಗಳು ಕಂದು. ಮೊದಲನೆಯದರಲ್ಲಿ ಅಳತೆ ತಪ್ಪಿತ್ತು. ಎರಡನೆಯದರಲ್ಲಿ ಅಳತೆ ಸರಿಯಾಗಿಯೇ ಇತ್ತು, ತಪ್ಪಿದ್ದು ನಮ್ಮ ನಿರೀಕ್ಷೆ. ಇವೆರಡನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ, ತಪ್ಪಿದ್ದರೆ ಅದು ಯಾವ ಹಂತದಲ್ಲಿ ಆಗಿರಬಹುದು ಎಂಬುದನ್ನು, ಈ ಸ್ಲೈಡುಗಳನ್ನು ತಯಾರಿಸುವ ತಂತ್ರಜ್ಞರಿಗೂ ಓದುವ ಕಿರಿಯ ವೈದ್ಯರಿಗೂ ಉಪಯೋಗವಾಗುವಂತೆ ಇಲ್ಲಿ ಬರೆದಿದ್ದೇನೆ.

ಅಳೆಯುತ್ತಿರುವುದು ಏನನ್ನು

ಕೆಐ-67 ಎಂಬುದು ಕೋಶಕೇಂದ್ರದಲ್ಲಿರುವ ಒಂದು ಪ್ರೋಟೀನು. ವಿಭಜನೆಯ ಚಕ್ರದಲ್ಲಿರುವ ಕೋಶಗಳಲ್ಲಿ ಇದು ಇರುತ್ತದೆ. ಚಕ್ರದಿಂದ ಹೊರಗೆ ವಿಶ್ರಾಂತಿಯಲ್ಲಿರುವ ಕೋಶಗಳಲ್ಲಿ ಕಾಣುವುದಿಲ್ಲ. ಇದನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯವನ್ನು (ಆಂಟಿಬಾಡಿಯನ್ನು) 1983ರಲ್ಲಿ ಜರ್ಮನಿಯ ಕೀಲ್ ನಗರದ ಯೊಹಾನೆಸ್ ಗೆರ್ಡೆಸ್ ಮತ್ತು ಸಂಗಡಿಗರು ವರದಿ ಮಾಡಿದರು. ಊರಿನ ಹೆಸರಿನ ಮೊದಲೆರಡು ಅಕ್ಷರಗಳೂ ಪ್ರಯೋಗದ ತಟ್ಟೆಯಲ್ಲಿ ಪ್ರತಿಕಾಯ ಸಿಕ್ಕ ಕುಳಿಯ ಸಂಖ್ಯೆಯೂ ಸೇರಿ ಈ ಹೆಸರಾಯಿತು. ಆ ಪ್ರತಿಕಾಯ ಹೆಪ್ಪುಗಟ್ಟಿಸಿದ ಅಂಗಾಂಶದ ಮೇಲೆ ಮಾತ್ರ ಕೆಲಸ ಮಾಡುತ್ತಿತ್ತು. ಫಾರ್ಮಲಿನ್‌ನಲ್ಲಿಟ್ಟು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿದ ಅಂಗಾಂಶದಲ್ಲೂ ಕೆಲಸ ಮಾಡುವ ಎಂಐಬಿ-1 ಪ್ರತಿಕಾಯ 1990ರ ದಶಕದ ಆರಂಭದಲ್ಲಿ ಬಂತು, ಆದರೆ ಅದು ಕೆಲಸ ಮಾಡಬೇಕಾದರೆ ಸ್ಲೈಡನ್ನು ಮೊದಲು ಬಿಸಿಯಲ್ಲಿ ಹದಮಾಡಬೇಕು ಎಂಬ ಷರತ್ತಿನೊಂದಿಗೆ ಬಂತು. ಇಂದಿಗೂ ನಾವು ಕಾಣುವ ದೋಷಗಳಲ್ಲಿ ದೊಡ್ಡ ಪಾಲು ಈ ಎರಡರಲ್ಲೇ, ಅಂದರೆ ಫಾರ್ಮಲಿನ್‌ನಲ್ಲಿ ಮತ್ತು ಬಿಸಿಯಲ್ಲಿ, ಅಡಗಿರುತ್ತದೆ.

ಅಳತೆಯ ಸೂತ್ರ ಸರಳ: ಎಣಿಸಿದ ಗಡ್ಡೆಯ ಕೋಶಗಳಲ್ಲಿ ಕೋಶಕೇಂದ್ರ ಕಂದಾದವು ನೂರಕ್ಕೆ ಎಷ್ಟು. ಕಂದು ಗಾಢವೋ ತಿಳಿಯೋ ಎಂಬುದು ಲೆಕ್ಕಕ್ಕಿಲ್ಲ. ಕೋಶಕೇಂದ್ರದಲ್ಲಿ ಕಂದು ಇದ್ದರೆ ಆ ಕೋಶ ಲೆಕ್ಕಕ್ಕೆ ಬರುತ್ತದೆ. ಕೋಶದ ಹೊರಪೊರೆಯಲ್ಲೋ ಕೋಶರಸದಲ್ಲೋ ಮಾತ್ರ ಕಾಣುವ ಕಂದನ್ನು ಬಿಡಬೇಕು.

ಮೊದಲು ನೋಡಬೇಕಾದದ್ದು ಮೈಟೋಸಿಸ್

ಅಂಕಿಯನ್ನು ನಂಬಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಬಣ್ಣದ ವಿಧಾನ ಸರಿಯೇ ಎಂದು ತಿಳಿಯಲು ಇಡುವ ಹೊರಗಿನ ಕಂಟ್ರೋಲ್ ಸ್ಲೈಡಿಗಿಂತ ಮೊದಲು ನೋಡಬೇಕಾದದ್ದು ಅದೇ ಸ್ಲೈಡಿನೊಳಗಿನ ಮೈಟೋಸಿಸ್‌ಗಳನ್ನು. ವರ್ಣತಂತುಗಳು ಸಾಲುಗಟ್ಟಿ ನಿಂತಿರುವ ಅಥವಾ ಎರಡು ಗುಂಪಾಗಿ ಸರಿಯುತ್ತಿರುವ ಕೋಶ ವಿಭಜನೆಯಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ಹಂತದಲ್ಲಿ ಕೆಐ-67 ಪ್ರೋಟೀನು ವರ್ಣತಂತುಗಳ ಮೈಗೆ ಕವಚದಂತೆ ಅಂಟಿಕೊಂಡಿರುತ್ತದೆ, ಆದ್ದರಿಂದ ಅಂಥ ಕೋಶ ಗಾಢವಾಗಿ ಕಂದಾಗಲೇಬೇಕು. ಕೆಐ-67 ಸ್ಲೈಡಿನಲ್ಲಿ ಹಿಮಟಾಕ್ಸಿಲಿನ್ ಬಣ್ಣ ಮಾತ್ರ ಹಿಡಿದು ನೀಲಿಯಾಗಿಯೇ ಉಳಿದ ಒಂದು ನಿಸ್ಸಂದೇಹವಾದ ಮೈಟೋಸಿಸ್ ಕಂಡರೆ, ಕನಿಷ್ಠ ಆ ಜಾಗದಲ್ಲಿ ಬಣ್ಣ ಹಿಡಿದಿಲ್ಲ ಎಂದು ಖಚಿತವಾಗಿ ಹೇಳಬಹುದು. ಸತ್ತು ಕುಗ್ಗಿದ ಕೋಶಕೇಂದ್ರವನ್ನು ಮೈಟೋಸಿಸ್ ಎಂದು ಭ್ರಮಿಸದಂತೆ ಮಾತ್ರ ಎಚ್ಚರ ಬೇಕು. ಸತ್ತ ಕೋಶದ ಕೋಶರಸ ಗಾಢ ಗುಲಾಬಿಯಾಗಿ ಮುದುಡಿಕೊಂಡಿರುತ್ತದೆ, ಕೋಶಕೇಂದ್ರದ ಚೂರುಗಳು ನುಣುಪಾಗಿ ದುಂಡಗಿರುತ್ತವೆ.

ಮೇಲೆ ಹೇಳಿದ ಮೊದಲ ಸ್ಲೈಡನ್ನು ಹೀಗೆ ಮತ್ತೆ ನೋಡಿದಾಗ, ನಡುಭಾಗದಲ್ಲಿ ಏಳು ಮೈಟೋಸಿಸ್‌ಗಳು ನೀಲಿಯಾಗಿಯೇ ನಿಂತಿದ್ದವು. ಕೊಯ್ತದ ಒಂದು ಅಂಚಿನಲ್ಲಿ ಮಾತ್ರ ಕಂದು ಕೋಶಗಳು ದಟ್ಟವಾಗಿದ್ದವು. ಆ ನಾಲ್ಕು ಎಂಬ ಅಂಕಿ ಗಡ್ಡೆಯದಾಗಿರಲಿಲ್ಲ.

ಮೈಟೋಸಿಸ್‌ಗಳೇ ಸಿಗದ ನಿಧಾನದ ಗಡ್ಡೆಯಲ್ಲೂ ಸಾಧು ಗಂಟಿನಲ್ಲೂ ಈ ಪರೀಕ್ಷೆ ನಡೆಯುವುದಿಲ್ಲ. ಆಗ ಟಾನ್ಸಿಲ್‌ನ ಕಂಟ್ರೋಲ್ ಕೊಯ್ತವೇ ಆಧಾರ. ಅದನ್ನು ಬೇರೆ ಸ್ಲೈಡಿನಲ್ಲಿ ಇಡುವುದಕ್ಕಿಂತ ರೋಗಿಯ ಅಂಗಾಂಶವಿರುವ ಸ್ಲೈಡಿನ ಮೇಲೆಯೇ ಪಕ್ಕದಲ್ಲಿ ಕೂರಿಸುವುದು ಒಳ್ಳೆಯದು, ಏಕೆಂದರೆ ದ್ರಾವಣ ಚೆಲ್ಲಿದ, ಒಣಗಿದ, ಕಡಿಮೆ ಬಿದ್ದ ತಪ್ಪುಗಳು ಒಂದೊಂದು ಸ್ಲೈಡಿಗೆ ಒಂದೊಂದು ರೀತಿ ಆಗುತ್ತವೆ. ಟಾನ್ಸಿಲ್‌ನ ಜರ್ಮಿನಲ್ ಸೆಂಟರ್‌ಗಳು (ಕೋಶಗಳು ಬಿರುಸಾಗಿ ವಿಭಜಿಸುವ ಜಾಗಗಳು) ಗಾಢ ಕಂದಾಗಿರಬೇಕು, ಮೇಲ್ಮೈ ಎಪಿಥೀಲಿಯಂನ (ಹೊದಿಕೆ ಪದರದ) ತಳಕ್ಕೆ ಹತ್ತಿರದ ಪದರಗಳಲ್ಲಿ ಕಂದು ಕೋಶಗಳಿರಬೇಕು, ಮೇಲಿನ ಪದರಗಳು ಪೂರ್ತಿ ನೀಲಿಯಾಗಿರಬೇಕು. ಜರ್ಮಿನಲ್ ಸೆಂಟರ್ ಒಂದನ್ನೇ ನೋಡಿ ತೃಪ್ತಿಪಡುವುದು ಸರಿಯಲ್ಲ: ಅಲ್ಲಿ ಪ್ರೋಟೀನು ಎಷ್ಟು ಹೆಚ್ಚಿರುತ್ತದೆಂದರೆ, ಅರ್ಧ ಕೆಟ್ಟ ವಿಧಾನದಲ್ಲೂ ಅದು ಕಂದಾಗಿಬಿಡುತ್ತದೆ.

ಟಾನ್ಸಿಲ್ ಸರಿ, ಗಡ್ಡೆ ನೀಲಿ: ಫಾರ್ಮಲಿನ್‌ನ ಕಡೆ ನೋಡಿ

ಇದು ನಾವು ಅತಿ ಹೆಚ್ಚಾಗಿ ಕಂಡ ದೋಷ, ಮತ್ತು ಪ್ರಯೋಗಾಲಯದೊಳಗೆ ಎಷ್ಟು ಹುಡುಕಿದರೂ ಸಿಗದ ದೋಷ. ಟಾನ್ಸಿಲ್ ಚೆನ್ನಾಗಿ ಬಂದಿದೆಯೆಂದರೆ ಪ್ರತಿಕಾಯವೂ ಬಿಸಿಯೂ ಕಂದು ಬಣ್ಣ ಕೊಡುವ ಡಿಎಬಿಯೂ ಸರಿಯಾಗಿವೆ ಎಂದರ್ಥ; ಹಾಗಾದರೆ ಗಡ್ಡೆಯ ಅಂಗಾಂಶ ನಮ್ಮ ಕೈಗೆ ಬರುವ ಮೊದಲೇ ಏನೋ ಆಗಿದೆ.

ಆ ಮೊದಲ ಸ್ಲೈಡಿನ ಬ್ಲಾಕು ಬೇರೆ ಊರಿನಿಂದ ಬಂದ ಪೂರ್ಣ ಸ್ತನದ ಮಾದರಿಯಿಂದ ತೆಗೆದದ್ದಾಗಿತ್ತು. ಅಂದಿನ ಕೊಯ್ತದ ಟಿಪ್ಪಣಿಯನ್ನು ತೆಗೆದು ನೋಡಿದೆವು. ಮಾದರಿ ಕೊಯ್ಯದೆ, ಇಡಿಯಾಗಿ, ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಅರ್ಧ ಮುಳುಗುವಷ್ಟು ಫಾರ್ಮಲಿನ್‌ನಲ್ಲಿ ರಾತ್ರಿಯಿಡೀ ಇದ್ದು, ಮರುದಿನ ಮಧ್ಯಾಹ್ನ ನಮ್ಮ ಮೇಜಿಗೆ ಬಂದಿತ್ತು. ಕೊಯ್ದಾಗ ಹೊರಗಿನ ಒಂದು ಸೆಂಟಿಮೀಟರಿನಷ್ಟು ಭಾಗ ಬೂದಾಗಿ ಗಟ್ಟಿಯಾಗಿತ್ತು. ಒಳಗಿನ ಗಡ್ಡೆ ಇನ್ನೂ ನಸುಗೆಂಪಾಗಿ, ಮೆತ್ತಗೆ, ಹಸಿಯಾಗಿಯೇ ಇತ್ತು. ಸ್ತನದ ಕೊಬ್ಬು ಫಾರ್ಮಲಿನ್ನನ್ನು ಒಳಗೆ ಬಿಡುವುದು ಬಹಳ ನಿಧಾನ. ದ್ರಾವಣ ಮೊದಲ ಗಂಟೆಗಳಲ್ಲಿ ಗಂಟೆಗೆ ಸುಮಾರು ಒಂದು ಮಿಲಿಮೀಟರಿನಂತೆ ಇಳಿದು, ಆಮೇಲೆ ಇನ್ನೂ ನಿಧಾನವಾಗುತ್ತದೆ; ಇಳಿದ ಮೇಲೂ ಪ್ರೋಟೀನುಗಳನ್ನು ಹಿಡಿದು ನಿಲ್ಲಿಸಲು ಮತ್ತೆ ಹಲವು ಗಂಟೆಗಳು ಬೇಕು. ಅಷ್ಟರಲ್ಲಿ ಒಳಗಿನ ಕೋಶಗಳು ತಮ್ಮಷ್ಟಕ್ಕೆ ಕೆಡತೊಡಗಿರುತ್ತವೆ. ಹೀಗಾಗಿ ಒಂದೇ ಗಡ್ಡೆಯ ಅಂಚು ಒಂದು ಅಂಕಿಯನ್ನೂ ನಡುಭಾಗ ಇನ್ನೊಂದು ಅಂಕಿಯನ್ನೂ ಕೊಡುತ್ತದೆ. ಅದೇ ರೋಗಿಯ ಮೊದಲಿನ ಸೂಜಿ ಬಯಾಪ್ಸಿಯ ಬ್ಲಾಕನ್ನು ತರಿಸಿ ಬಣ್ಣ ಹಾಕಿದಾಗ ಅಂಕಿ ನಲವತ್ತನ್ನು ದಾಟಿತು.

ಅಂಚಿನಲ್ಲಿ ಹೆಚ್ಚು, ನಡುವೆ ಕಡಿಮೆ ಎಂಬ ಚಿತ್ರ ಕಂಡಾಗಲೆಲ್ಲ ಫಾರ್ಮಲಿನ್ನನ್ನೇ ದೂರಬೇಕಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸುತ್ತಲಿನ ಅಂಗಾಂಶದೊಳಕ್ಕೆ ನುಗ್ಗುತ್ತಿರುವ ಗಡ್ಡೆಯ ಅಂಚು ನಿಜವಾಗಿಯೂ ಹೆಚ್ಚು ಚುರುಕಾಗಿ ಬೆಳೆಯುತ್ತಿರಬಹುದು. ಇವೆರಡನ್ನು ಬೇರ್ಪಡಿಸಲು ಎರಡು ದಾರಿಗಳಿವೆ. ಒಂದು, ನಡುಭಾಗದ ಮೈಟೋಸಿಸ್‌ಗಳು: ಅವು ಕಂದಾಗಿದ್ದು ಸುತ್ತಲಿನ ಕೋಶಗಳು ನೀಲಿಯಾಗಿದ್ದರೆ ವ್ಯತ್ಯಾಸ ಗಡ್ಡೆಯದೇ, ಅವೂ ನೀಲಿಯಾಗಿದ್ದರೆ ದೋಷ ಫಿಕ್ಸೇಶನ್ನಿನದು, ಅಂದರೆ ಫಾರ್ಮಲಿನ್ ಹಿಡಿದ ರೀತಿಯದು. ಇನ್ನೊಂದು, ಕಂದು ಹೆಚ್ಚಿರುವ ಅಂಚು ಯಾವುದು ಎಂಬುದು: ಗಡ್ಡೆಯ ಅಂಚೋ, ಅಥವಾ ಕ್ಯಾಸೆಟ್ಟಿನಲ್ಲಿಟ್ಟ ಅಂಗಾಂಶದ ತುಂಡಿನ ಅಂಚೋ? ಗಡ್ಡೆಯ ನಡುವಿನಿಂದಲೇ ತೆಗೆದ ತುಂಡಿನಲ್ಲಿ ನಾಲ್ಕು ಬದಿಗೂ ಒಂದೇ ಅಗಲದ ಕಂದು ಪಟ್ಟಿ ಕಂಡರೆ ಅದು ದ್ರಾವಣ ಇಳಿದ ಗುರುತೇ ಹೊರತು ಗಡ್ಡೆಯ ಬೆಳವಣಿಗೆಯಲ್ಲ.

ಪರಿಹಾರ ಶಸ್ತ್ರಕ್ರಿಯೆಯ ಕೊಠಡಿಯಿಂದಲೇ ಆರಂಭವಾಗಬೇಕು. ಅಂಗಾಂಶವನ್ನು ದೇಹದಿಂದ ಹೊರತೆಗೆದ ಒಂದು ಗಂಟೆಯೊಳಗೆ ಅದು ಫಾರ್ಮಲಿನ್ ಸೇರಬೇಕು. ಅದಕ್ಕೂ ಮೊದಲು ಅದನ್ನು ಅರ್ಧ ಸೆಂಟಿಮೀಟರಿನ ಹೋಳುಗಳಾಗಿ ಸೀಳಿ, ಹೋಳುಗಳ ನಡುವೆ ಗಾಜ್ ಬಟ್ಟೆ ಇಡಬೇಕು. ದ್ರಾವಣ ಅಂಗಾಂಶದ ಹತ್ತು ಪಟ್ಟಾದರೂ ಇರಬೇಕು. ಅದರಲ್ಲಿ ಆರು ಗಂಟೆಗಿಂತ ಕಡಿಮೆಯಾಗದಂತೆ, ಎಪ್ಪತ್ತೆರಡು ಗಂಟೆ ಮೀರದಂತೆ ಇಡಬೇಕು ಎಂಬುದು ಸ್ತನ ಕ್ಯಾನ್ಸರಿನ ಚಿಕಿತ್ಸೆ ಆರಿಸಲು ಮಾಡುವ ಹಾರ್ಮೋನ್ ರಿಸೆಪ್ಟರ್ ಮತ್ತು ಹರ್-2 ಪ್ರೋಟೀನಿನ ಪರೀಕ್ಷೆಗಳಿಗೆ ಅಮೆರಿಕದ ವೈದ್ಯ ಸಂಘಟನೆಗಳು ಹಾಕಿಕೊಟ್ಟ ಮಿತಿ, ಕೆಐ-67ಕ್ಕೂ ನಾವು ಅದನ್ನೇ ಪಾಲಿಸುತ್ತೇವೆ. ಸಲೈನಿನಲ್ಲಿ ಹಾಕಿ ಕಳಿಸಿದ ಮಾದರಿಯ ಮೇಲೆ ಕೆಐ-67 ಮಾಡಲು ನಾನು ಒಪ್ಪುವುದಿಲ್ಲ. ಶನಿವಾರ ಮಧ್ಯಾಹ್ನದ ಶಸ್ತ್ರಕ್ರಿಯೆಯ ಮಾದರಿಗಳು ಸೋಮವಾರದವರೆಗೆ ಹೇಗಿದ್ದವು ಎಂದು ಕೇಳಿ ಬರೆದುಕೊಳ್ಳುವ ಅಭ್ಯಾಸವೊಂದನ್ನು ಬೆಳೆಸಿಕೊಂಡರೆ ಅರ್ಧದಷ್ಟು ಒಗಟುಗಳು ಅಲ್ಲೇ ಬಿಡಿಸಿಕೊಳ್ಳುತ್ತವೆ.

ಸೂಜಿ ಬಯಾಪ್ಸಿಯ ತೆಳುವಾದ ಎಳೆಗಳು ಎಲ್ಲ ಬದಿಯಿಂದಲೂ ಬೇಗ ಫಾರ್ಮಲಿನ್ ಹೀರುತ್ತವೆ. ಆದ್ದರಿಂದಲೇ ಅದರ ಅಂಕಿ ಶಸ್ತ್ರಕ್ರಿಯೆಯ ಮಾದರಿಗಿಂತ ಹೆಚ್ಚು ಬರುವುದುಂಟು. ಎರಡೂ ಇದ್ದಾಗ ಸೂಜಿ ಬಯಾಪ್ಸಿಯನ್ನೇ ಆರಿಸಿಕೊಳ್ಳುವುದು ಲೇಸು. ಚಿಕಿತ್ಸೆಗೆ ಮೊದಲು ಮತ್ತು ನಂತರದ ಅಂಕಿಗಳನ್ನು ಹೋಲಿಸುವವರು, ಒಂದು ಸೂಜಿಯಿಂದಲೂ ಇನ್ನೊಂದು ಶಸ್ತ್ರಕ್ರಿಯೆಯಿಂದಲೂ ಬಂದಿದ್ದರೆ, ಇಳಿಕೆಯಲ್ಲಿ ಎಷ್ಟು ಪಾಲು ಔಷಧದ್ದು, ಎಷ್ಟು ಫಾರ್ಮಲಿನ್‌ನದು ಎಂದು ಯೋಚಿಸಲೇಬೇಕು. ಮೂಳೆಗೆ ಹರಡಿದ ಗಡ್ಡೆಯ ಮಾದರಿಯನ್ನು ಆಮ್ಲದಲ್ಲಿ ಮೆದುಮಾಡಿದ್ದರೆ ಅದರ ಕಡಿಮೆ ಅಂಕಿಗೂ ಬೆಲೆಯಿಲ್ಲ.

ಟಾನ್ಸಿಲ್ಲೂ ಮಸುಕು: ಬಿಸಿಯ ಹಂತ

ಟಾನ್ಸಿಲ್ಲೂ ಗಡ್ಡೆಯೂ ಒಟ್ಟಿಗೆ ಮಸುಕಾಗಿದ್ದರೆ ತಪ್ಪು ನಮ್ಮ ಮೇಜಿನ ಮೇಲಿನದು. ಫಾರ್ಮಲಿನ್ ಕಟ್ಟಿಹಾಕಿದ ಪ್ರೋಟೀನನ್ನು ಬಿಡಿಸುವ ಬಿಸಿಯ ಹದವೇ ಇಲ್ಲಿ ಮೊದಲ ಅನುಮಾನಿತ. ತೆರೆದ ಪಾತ್ರೆಯಲ್ಲೋ ವಾಟರ್ ಬಾತಿನಲ್ಲೋ ಈ ಬಿಸಿಯ ಹದವನ್ನು (ಆಂಟಿಜೆನ್ ರಿಟ್ರೀವಲ್) ಮಾಡುವವರು ತಮ್ಮ ಊರಿನ ಎತ್ತರವನ್ನು ಮರೆಯಬಾರದು: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನ ಪ್ರಯೋಗಾಲಯದಲ್ಲಿ ಇಪ್ಪತ್ತು ನಿಮಿಷಕ್ಕೆ ಹದವಾಗಿದ್ದ ವಿಧಾನವನ್ನು ಇಲ್ಲಿಗೆ ಹಾಗೆಯೇ ತಂದರೆ ಸಾಲದೆ ಹೋಗಬಹುದು. ಕಾಲವನ್ನು ಹೆಚ್ಚಿಸಿ ಹೊಸದಾಗಿ ಹದ ಕಂಡುಕೊಳ್ಳಬೇಕು. ಪ್ರೆಶರ್ ಕುಕ್ಕರ್ ಬಳಸುವವರಿಗೆ ಈ ತೊಂದರೆ ಕಡಿಮೆ, ಆದರೆ ಸೀಟಿ ಎಣಿಸಿ ಕಾಲ ಅಳೆಯಬಾರದು. ಪೂರ್ಣ ಒತ್ತಡ ಬಂದ ಕ್ಷಣದಿಂದ ಗಡಿಯಾರ ನೋಡಿ ಅಳೆಯಬೇಕು, ಇಳಿಸಿದ ಮೇಲೆ ಪ್ರತಿಸಲವೂ ಒಂದೇ ರೀತಿ ತಣಿಸಬೇಕು.

ಬಫರಿನ ಪಿಎಚ್ ಅನ್ನು ಕಾಗದದ ಪಟ್ಟಿಯಿಂದ ಅಂದಾಜು ಮಾಡದೆ ಮೀಟರಿನಲ್ಲಿ ನೋಡಬೇಕು. ಪಿಎಚ್ 6ರ ಸಿಟ್ರೇಟನ್ನೋ ಪಿಎಚ್ 9ರ ಟ್ರಿಸ್–ಇಡಿಟಿಎಯನ್ನೋ ನಿಮ್ಮ ಪ್ರತಿಕಾಯಕ್ಕೆ ಹೊಂದುವಂತೆ ಆರಿಸಿ, ಮತ್ತೆ ಮತ್ತೆ ಬದಲಿಸಬಾರದು. ಸ್ತನದ ಕೊಬ್ಬಿನ ಕೊಯ್ತಗಳು ಈ ಬಿಸಿಯಲ್ಲಿ ಗಾಜನ್ನು ಬಿಟ್ಟು ಏಳುವುದು ಹೆಚ್ಚು. ಮೊಟ್ಟೆಯ ಲೋಳೆ ಸವರಿದ ಸ್ಲೈಡು ಸಾಲದು, ವಿದ್ಯುದಾವೇಶವಿರುವ ಸ್ಲೈಡು ಬಳಸಿ, ಬಣ್ಣ ಹಾಕುವ ಮೊದಲು 60 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಬೇಕು.

ಕೊಯ್ದಿಟ್ಟು ತಿಂಗಳಾದ ಸ್ಲೈಡುಗಳಲ್ಲೂ ಕೆಐ-67 ಮಂಕಾಗುತ್ತದೆ. ಬ್ಲಾಕು ವರ್ಷಗಟ್ಟಲೆ ಇದ್ದರೂ ತೊಂದರೆ ಅಷ್ಟಿಲ್ಲ, ಗಾಳಿಗೆ ತೆರೆದುಕೊಂಡ ತೆಳು ಕೊಯ್ತಕ್ಕೆ ತೊಂದರೆ. ಕೊಯ್ದ ಎರಡು ವಾರದೊಳಗೆ ಬಣ್ಣ ಹಾಕುವುದು ನಮ್ಮ ನಿಯಮ. ಹಿಮಟಾಕ್ಸಿಲಿನ್ ಗಾಢವಾದರೂ ಅಂಕಿ ಇಳಿಯುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ: ತಿಳಿಗಂದು ಕೋಶಕೇಂದ್ರದ ಮೇಲೆ ದಟ್ಟ ನೀಲಿ ಕುಳಿತರೆ ಕಣ್ಣು ಅದನ್ನು ನೀಲಿಯೆಂದೇ ಎಣಿಸುತ್ತದೆ. ತಂತ್ರಾಂಶದಿಂದ ಎಣಿಸುವವರೂ ಈ ತಪ್ಪಿನಿಂದ ಪಾರಾಗುವುದಿಲ್ಲ.

ಎಲ್ಲವೂ ಕಂದು

ಇದಕ್ಕೆ ವಿರುದ್ಧವಾದ ದೋಷದಲ್ಲಿ ಮೊದಲು ಪ್ರತಿಕಾಯ ಹಾಕದ ನೆಗೆಟಿವ್ ಸ್ಲೈಡನ್ನು ನೋಡಬೇಕು. ಅಲ್ಲೂ ಕಂದು ಇದ್ದರೆ ಅದು ಕೆಐ-67 ಅಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಹಳೆಯದಾಗಿ ಶಕ್ತಿ ಕಳೆದುಕೊಂಡಿದ್ದರೆ ಕೆಂಪು ರಕ್ತಕಣಗಳೂ ಕೆಲವು ಬಿಳಿ ರಕ್ತಕಣಗಳೂ ತಾವಾಗಿಯೇ ಡಿಎಬಿಯನ್ನು ಕಂದಾಗಿಸುತ್ತವೆ. ಹಿಂದೆ ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಸೋರಿ ಉಳಿದ ಹಿಮೋಸಿಡರಿನ್ ಎಂಬ ಕಬ್ಬಿಣದ ವಸ್ತು ಕಂದು ಹರಳಿನಂತೆ ಕೋಶರಸದಲ್ಲಿ ಕಾಣುತ್ತದೆ.

ಮೂರನೆಯದು ನಮ್ಮ ಕಡೆ ಹೆಚ್ಚು: ಅಂಗಡಿಯಿಂದ ತಂದ ಫಾರ್ಮಲಿನ್ನಿಗೆ ಬರಿಯ ನೀರು ಬೆರೆಸಿ ಬಳಸಿದಾಗ ಅದು ದಿನಗಳೆದಂತೆ ಆಮ್ಲೀಯವಾಗಿ, ರಕ್ತವಿರುವೆಡೆ ಕಂದುಗಪ್ಪು ಫಾರ್ಮಲಿನ್ ಪಿಗ್ಮೆಂಟ್ ಕೂರುತ್ತದೆ. ಧ್ರುವೀಕೃತ ಬೆಳಕಿನಲ್ಲಿ ಅದು ಹೊಳೆಯುತ್ತದೆ, ಡಿಎಬಿ ಹೊಳೆಯುವುದಿಲ್ಲ. ಇದನ್ನು ತಡೆಯಲು ಹೆಚ್ಚಿನ ಖರ್ಚೇನೂ ಇಲ್ಲ: ಒಂದು ಲೀಟರಿಗೆ 100 ಮಿಲಿಲೀಟರ್ ಫಾರ್ಮಲಿನ್, 900 ಮಿಲಿಲೀಟರ್ ಶುದ್ಧೀಕರಿಸಿದ ನೀರು, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೋಹೈಡ್ರೇಟ್, ನೀರಿನಂಶವಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಮಾದರಿ ಕಳಿಸುವ ಪ್ರತಿ ಆಸ್ಪತ್ರೆಗೂ ಈ ದ್ರಾವಣವನ್ನು ನಾವೇ ಡಬ್ಬಿಗಳಲ್ಲಿ ತುಂಬಿ ಕೊಡತೊಡಗಿದ ಮೇಲೆ ಈ ದೂರು ಬಹುಮಟ್ಟಿಗೆ ನಿಂತಿದೆ.

ಸಾಧು ಗಂಟಿನಲ್ಲಿ ಹೆಚ್ಚಿನ ಅಂಕಿ

ಸಹಜ ಸ್ತನದ ಗ್ರಂಥಿಯಲ್ಲಿ ವಿಭಜನೆಗೆ ಸಿದ್ಧವಾದ ಕೋಶಗಳು ಬಹಳ ವಿರಳ. ಋತುಬಂಧದ ನಂತರದ ಮಹಿಳೆಯರಲ್ಲಂತೂ ಇಡೀ ಲಾಬ್ಯೂಲಿನಲ್ಲಿ (ಗ್ರಂಥಿಗಳ ಗೊಂಚಲಿನಲ್ಲಿ) ಒಂದೆರಡು ಕಂದು ಕೋಶ ಕಂಡರೆ ಹೆಚ್ಚು. ಹೀಗಾಗಿ ಗಡ್ಡೆಯ ಪಕ್ಕದಲ್ಲಿ ಉಳಿದ ಸಹಜ ಲಾಬ್ಯೂಲು, ಬಣ್ಣ ಅತಿಯಾಗಿಲ್ಲ ಎಂಬುದಕ್ಕೆ ಸ್ಲೈಡಿನೊಳಗಿನ ಸಾಕ್ಷಿಯಾಗುತ್ತದೆ. ಆದರೆ ಋತುಚಕ್ರವಿರುವವರಲ್ಲಿ ಅಂಡೋತ್ಪತ್ತಿಯ ನಂತರದ ದಿನಗಳಲ್ಲಿ ಈ ಪ್ರಮಾಣ ಏರುತ್ತದೆ, ಗರ್ಭಿಣಿಯರಲ್ಲಿ ಇನ್ನೂ ಏರುತ್ತದೆ. ಆರಂಭದಲ್ಲಿ ಹೇಳಿದ ಎರಡನೆಯ ಸ್ಲೈಡಿನ ಕೋರಿಕೆ ಪತ್ರದಲ್ಲಿ ವಯಸ್ಸು ಮಾತ್ರ ಇತ್ತು. ಫೋನು ಮಾಡಿ ಕೇಳಿದಾಗ ರೋಗಿ ತುಂಬು ಗರ್ಭಿಣಿ ಎಂದು ತಿಳಿಯಿತು. ದುಂಡಗೆ ಅಚ್ಚುಕಟ್ಟಾದ ಗ್ರಂಥಿಗಳು, ಕೋಶರಸದಲ್ಲಿ ಹಾಲಿನ ಗುಳ್ಳೆಗಳು, ಎಲ್ಲ ಗ್ರಂಥಿಗಳ ಸುತ್ತಲೂ ಅಖಂಡವಾದ ಮಯೋಎಪಿಥೀಲಿಯಲ್ ಪದರ (ಗ್ರಂಥಿಯನ್ನು ಹೊರಗಿನಿಂದ ಸುತ್ತುವ ಕೋಶಗಳ ಪದರ). ಅಂಥ ಗಂಟಿನಲ್ಲಿ ಆ ಅಂಕಿ ಸಹಜವೇ. ವಯಸ್ಸು, ಕೊನೆಯ ಮುಟ್ಟಿನ ದಿನಾಂಕ, ಗರ್ಭ, ಹಾಲೂಡಿಕೆ, ಹಾರ್ಮೋನು ಮಾತ್ರೆ: ಇವಿಷ್ಟನ್ನು ಕೋರಿಕೆ ಪತ್ರದಲ್ಲಿ ಬರೆಸಿಕೊಳ್ಳದೆ ಸಾಧು ಅಂಗಾಂಶದ ಅಂಕಿಯನ್ನು ಅರ್ಥೈಸಬಾರದು.

ಇದರಿಂದ ಇನ್ನೊಂದು ಮಾತೂ ಸ್ಪಷ್ಟ. ಗಂಟು ಸಾಧುವೋ ಕ್ಯಾನ್ಸರೋ ಎಂದು ತೀರ್ಮಾನಿಸಲು ಕೆಐ-67 ಬಳಸಬಾರದು. ಆ ತೀರ್ಮಾನ ರಚನೆಯನ್ನೂ, ಪಿ63ರಂಥ ಬಣ್ಣಗಳಲ್ಲಿ ಕಾಣುವ ಮಯೋಎಪಿಥೀಲಿಯಲ್ ಪದರ ಉಳಿದಿದೆಯೇ ಎಂಬುದನ್ನೂ ಆಧರಿಸಿದ್ದು. ನಿಧಾನವಾಗಿ ಬೆಳೆಯುವ ಕ್ಯಾನ್ಸರಿನಲ್ಲಿ ಅಂಕಿ ನೂರಕ್ಕೆ ಮೂರಿರಬಹುದು, ಹಾಲುಗ್ರಂಥಿಯ ಸಾಧು ಗಂಟಿನಲ್ಲಿ ಇಪ್ಪತ್ತೈದಿರಬಹುದು. ಫೈಬ್ರೋಅಡಿನೋಮಾ ಎಂಬ ಸಾಧು ಗಂಟು ಮತ್ತು ಅದನ್ನು ಹೋಲುವ ಫೈಲಾಯ್ಡ್ಸ್ ಗಡ್ಡೆಗಳ ನಡುವೆ ಸಂದೇಹ ಬಂದಾಗ ಎಣಿಸಬೇಕಾದದ್ದು ಗ್ರಂಥಿಯನ್ನಲ್ಲ, ಸುತ್ತಲಿನ ಸ್ಟ್ರೋಮಾದ (ಆಧಾರ ಅಂಗಾಂಶದ) ಕೋಶಗಳನ್ನು. ಅಲ್ಲೂ ಅಂಕಿ ಪೂರಕ ಮಾತ್ರ.

ಸಹಜ ಗ್ರಂಥಿಯಲ್ಲಿ ಇಆರ್ (ಈಸ್ಟ್ರೋಜನ್ ರಿಸೆಪ್ಟರ್) ಧಾರಾಳವಾಗಿ ಇದ್ದು ಕೆಐ-67 ಇಲ್ಲದಿರುವುದನ್ನು ಕಂಡು ಒಂದು ಬಣ್ಣ ಕೆಟ್ಟಿದೆ ಎಂದುಕೊಂಡವರನ್ನು ನೋಡಿದ್ದೇನೆ. ಕೆಟ್ಟಿಲ್ಲ. ಸಹಜ ಸ್ತನದಲ್ಲಿ ಇಆರ್ ಇರುವ ಕೋಶಗಳೂ ವಿಭಜಿಸುವ ಕೋಶಗಳೂ ಬಹುತೇಕ ಬೇರೆಬೇರೆ ಎಂದು ಮ್ಯಾಂಚೆಸ್ಟರಿನ ಸಂಶೋಧಕರು 1997ರಲ್ಲಿ ತೋರಿಸಿದ್ದಾರೆ. ಇಆರ್ ಇರುವ ಕೋಶ ಪಕ್ಕದ ಕೋಶಕ್ಕೆ ಸಂದೇಶ ಕೊಡುತ್ತದೆ, ತಾನು ವಿಭಜಿಸುವುದು ಅಪರೂಪ. ಕ್ಯಾನ್ಸರಿನಲ್ಲಿ ಈ ಕಟ್ಟು ಮುರಿದು, ಇಆರ್ ಇರುವ ಕೋಶವೇ ವಿಭಜಿಸತೊಡಗುತ್ತದೆ.

ಬಣ್ಣ ಸರಿ, ಎಣಿಕೆ ಬೇರೆ

ಒಂದೇ ಸ್ಲೈಡಿಗೆ ಒಬ್ಬರು 12 ಎಂದೂ ಇನ್ನೊಬ್ಬರು 28 ಎಂದೂ ಬರೆದರೆ ಮೊದಲು ಕೇಳಬೇಕಾದದ್ದು ಎಷ್ಟು ಕೋಶ ಎಣಿಸಿದಿರಿ ಎಂದು. ನಿಜವಾದ ಪ್ರಮಾಣ ನೂರಕ್ಕೆ 20 ಇರುವ ಗಡ್ಡೆಯಲ್ಲಿ ಬರಿ 100 ಕೋಶ ಎಣಿಸಿದರೆ, ಯಾವ ತಪ್ಪೂ ಇಲ್ಲದೆ, ಕೇವಲ ಆಕಸ್ಮಿಕದಿಂದಲೇ ಉತ್ತರ 12ರಿಂದ 28ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. 500 ಎಣಿಸಿದರೆ ಈ ಹರವು ಸುಮಾರು 16.5ರಿಂದ 23.5ಕ್ಕೂ, 1000 ಎಣಿಸಿದರೆ 17.5ರಿಂದ 22.5ಕ್ಕೂ ಇಳಿಯುತ್ತದೆ. ಸ್ತನ ಕ್ಯಾನ್ಸರಿನ ಕೆಐ-67 ಕುರಿತ ಅಂತರರಾಷ್ಟ್ರೀಯ ತಂಡ 2011ರಲ್ಲಿ ಕನಿಷ್ಠ 500, ಸಾಧ್ಯವಾದರೆ 1000 ಎಂದದ್ದು ಇದಕ್ಕೇ. ಕಣ್ಣಂದಾಜಿನ ಅಂಕಿಯನ್ನು ನಾನು ವರದಿಯಲ್ಲಿ ಬರೆಯುವುದಿಲ್ಲ.

ಎರಡನೆಯ ಪ್ರಶ್ನೆ, ಎಲ್ಲಿ ಎಣಿಸಿದಿರಿ ಎಂಬುದು. ಅತಿ ಹೆಚ್ಚು ಕಂದಿರುವ ಜಾಗವನ್ನೇ ಹುಡುಕಿದವರಿಗೂ ಸ್ಲೈಡಿನ ಉದ್ದಗಲಕ್ಕೆ ಹಲವು ಕ್ಷೇತ್ರಗಳ ಸರಾಸರಿ ತೆಗೆದವರಿಗೂ ಒಂದೇ ಉತ್ತರ ಬರಲಾರದು. ಪ್ರಯೋಗಾಲಯದ ಎಲ್ಲರೂ ಒಂದೇ ವಿಧಾನ ಹಿಡಿಯಬೇಕು, ಮತ್ತು ನನ್ನ ಮಟ್ಟಿಗೆ ಅದು ಸರಾಸರಿಯೇ ಆಗಬೇಕು. ಮೂರನೆಯದು, ಏನನ್ನು ಎಣಿಸಿದಿರಿ ಎಂಬುದು: ಗಡ್ಡೆಯೊಳಗೆ ನುಗ್ಗಿದ ಲಿಂಫೋಸೈಟುಗಳು (ಒಂದು ಬಗೆಯ ಬಿಳಿ ರಕ್ತಕಣಗಳು), ರಕ್ತನಾಳದ ಒಳಪದರ, ನಾಳದೊಳಗೇ ಉಳಿದ ಕ್ಯಾನ್ಸರಿನ ಭಾಗ ಇವು ಯಾವುವೂ ಲೆಕ್ಕಕ್ಕಿಲ್ಲ. ಲಾಬ್ಯುಲರ್ ಕ್ಯಾನ್ಸರಿನ ಸಣ್ಣ ಕೋಶಗಳು ಸಾಲುಸಾಲಾಗಿ ಲಿಂಫೋಸೈಟುಗಳ ನಡುವೆ ಹಾಯುವಾಗ ಎಷ್ಟೇ ಅನುಭವಿಗಳೂ ಎಡವುತ್ತಾರೆ. ಲಿಂಫೋಸೈಟುಗಳನ್ನು ಬಿಟ್ಟು ಗಡ್ಡೆಯ ಕೋಶಗಳನ್ನು ತೋರಿಸುವ ಸೈಟೋಕೆರಾಟಿನ್ ಬಣ್ಣವನ್ನು ಪಕ್ಕದ ಕೊಯ್ತಕ್ಕೆ ಹಾಕಿ ಎದುರಿಗಿಟ್ಟುಕೊಳ್ಳುವುದೇ ಉಪಾಯ.

ವರದಿಗೆ ಸಹಿ ಹಾಕುವ ಮುನ್ನ

ಅದೇ ತಂಡ 2021ರಲ್ಲಿ ಪ್ರಕಟಿಸಿದ ಪರಿಷ್ಕೃತ ಸಲಹೆಯಂತೆ, ಇಆರ್ ಇರುವ, ಹರ್-2 ಇಲ್ಲದ ಆರಂಭಿಕ ಕ್ಯಾನ್ಸರಿನಲ್ಲಿ ಅಂಕಿ 5 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ 30 ಅಥವಾ ಅದಕ್ಕಿಂತ ಹೆಚ್ಚು ಇದ್ದಾಗ ಅದನ್ನು ಮುನ್ಸೂಚನೆಗೆ ನೆಚ್ಚಬಹುದು; ನಡುವಿನ ಅಂಕಿಗಳು ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಬದಲಾಗುವಷ್ಟು ಸಡಿಲ. ಸ್ತನ ಕ್ಯಾನ್ಸರಿನ ಅಬೆಮಾಸಿಕ್ಲಿಬ್ ಔಷಧಕ್ಕೆ 2021ರ ಅಕ್ಟೋಬರಿನಲ್ಲಿ ಅಮೆರಿಕದ ನಿಯಂತ್ರಕರು ಆರಂಭಿಕ ಹಂತದಲ್ಲಿ ಅನುಮತಿ ಕೊಟ್ಟಾಗ ಕೆಐ-67 ನೂರಕ್ಕೆ ಕನಿಷ್ಠ 20 ಇರಬೇಕೆಂಬ ಷರತ್ತಿತ್ತು, 2023ರ ಮಾರ್ಚಿನಲ್ಲಿ ಅದನ್ನು ಕೈಬಿಟ್ಟರು. ಆ ನಡುವಿನ ಅವಧಿಯಲ್ಲಿ 19 ಮತ್ತು 21ರ ನಡುವೆ ಒಬ್ಬ ರೋಗಿಯ ಔಷಧವೇ ನಿಂತಿತ್ತು, ಮೇಲಿನ ಲೆಕ್ಕದಂತೆ 1000 ಕೋಶ ಎಣಿಸಿದರೂ ಈ ಎರಡು ಅಂಕಿಗಳನ್ನು ಬೇರ್ಪಡಿಸಲಾಗದು.

ಆದ್ದರಿಂದ ವರದಿಯಲ್ಲಿ ಅಂಕಿಯ ಜೊತೆಗೆ ಪ್ರತಿಕಾಯದ ಹೆಸರು, ಎಣಿಸಿದ ಕೋಶಗಳ ಸಂಖ್ಯೆ, ಸರಾಸರಿಯೋ ದಟ್ಟ ಜಾಗವೋ, ಸೂಜಿಯದೋ ಶಸ್ತ್ರಕ್ರಿಯೆಯದೋ ಎಂಬ ನಾಲ್ಕನ್ನು ಬರೆಯಬೇಕು. ಮೈಟೋಸಿಸ್‌ಗಳು ನೀಲಿಯಾಗಿದ್ದು ಬೇರೆ ಬ್ಲಾಕೂ ಸಿಗದಿದ್ದರೆ ಅಂಕಿಯನ್ನೇ ಬರೆಯಬಾರದು. “ಅಂಗಾಂಶದ ಫಿಕ್ಸೇಶನ್ ಸಾಕಷ್ಟಿಲ್ಲದ ಕಾರಣ ಕೆಐ-67 ಅಳೆಯಲಾಗಿಲ್ಲ, ಸೂಜಿ ಬಯಾಪ್ಸಿಯ ಬ್ಲಾಕನ್ನು ಕಳಿಸಿಕೊಡಿ” ಎಂದು ಬರೆದು, ಚಿಕಿತ್ಸೆ ಕೊಡುವ ವೈದ್ಯರಿಗೆ ಅದೇ ದಿನ ಫೋನು ಮಾಡಬೇಕು.